ಮೆಡಿಕಲ್ ಸೀಟಿಗಾಗಿ ಮಾಸ್ಟರ್ಸ್: ಒಂದೇ ಗಂಟು, ಎರಡು ಖರ್ಚು

2025ರ ನವೆಂಬರ್‌ನಲ್ಲಿ ಅಮೆರಿಕದಿಂದ ಬಂದ ಒಂದು ಸುದ್ದಿ ತುಂಬಾ ಜನರನ್ನು ಗೊಂದಲಕ್ಕೆ ಕೆಡವಿತು. ನರ್ಸಿಂಗ್ ಇನ್ನು ‘ಪ್ರೊಫೆಷನಲ್ ಡಿಗ್ರಿ’ ಅಲ್ಲ ಅಂತ ಅಲ್ಲಿನ ಶಿಕ್ಷಣ ಇಲಾಖೆ ಹೇಳಿದೆ ಅನ್ನುವುದು ಆ ಸುದ್ದಿ. ಹಾಗಾದರೆ ನರ್ಸ್‌ಗಳ ಲೈಸೆನ್ಸ್ ಏನಾಗುತ್ತದೆ? ಫಿಸಿಯೋಥೆರಪಿ, ಪಬ್ಲಿಕ್ ಹೆಲ್ತ್ ಓದುತ್ತಿರುವವರ ಗತಿ ಏನು? ಓದಿದವರಿಗೆ ಮೊದಲು ಬರುವ ಪ್ರಶ್ನೆಗಳೇ ಇವು.

ಲೈಸೆನ್ಸಿಗೂ ಇಲಾಖೆಯ ಈ ‘ಪ್ರೊಫೆಷನಲ್ ಡಿಗ್ರಿ’ಗಳ ಪಟ್ಟಿಗೂ ಸಂಬಂಧವೇ ಇಲ್ಲ. ಅಮೆರಿಕದಲ್ಲಿ ನರ್ಸ್‌ಗೆ ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ನರ್ಸಿಂಗ್ ಬೋರ್ಡ್. ಅದರಲ್ಲಿ ಏನೂ ಬದಲಾಗಿಲ್ಲ. ಯಾವ ಕೋರ್ಸಿಗೆ ಸರ್ಕಾರ ಎಷ್ಟು ಸಾಲ ಕೊಡುತ್ತದೆ ಅನ್ನುವುದಷ್ಟೇ ಈ ಪಟ್ಟಿಯ ಕೆಲಸ. ಆದರೆ ಅಲ್ಲಿ ಆರೋಗ್ಯ ಕ್ಷೇತ್ರದ ಓದು ನಡೆಯುವುದೇ ಸಾಲದ ಮೇಲೆ. ಹಾಗಾಗಿ ವಿಷಯ ಸಣ್ಣದಲ್ಲ.

ಈ ಗಲಾಟೆಯಲ್ಲಿ ಇನ್ನೊಂದು ಗುಂಪಿನ ಕಷ್ಟ ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಡಾಕ್ಟರ್ ಆಗಬೇಕು ಅಂತ ಹೊರಟು, ಡಿಗ್ರಿಯ ಅಂಕ ಸ್ವಲ್ಪ ಕಡಿಮೆ ಬಂದು, ಮೆಡಿಕಲ್ ಕಾಲೇಜಿಗೆ ಸೇರುವ ಮುಂಚೆ ಒಂದೆರಡು ವರ್ಷ ಮಾಸ್ಟರ್ಸ್ ಮಾಡುವ ಮಕ್ಕಳು ಇವರು. ‘ಎಂಡಿ (ಅಲ್ಲಿ ಡಾಕ್ಟರ್ ಆಗಲು ಓದುವ ಮೊದಲ ಡಿಗ್ರಿ, ನಮ್ಮ ಎಂಬಿಬಿಎಸ್ ಇದ್ದ ಹಾಗೆ) ಹೇಗೂ ಪ್ರೊಫೆಷನಲ್ ಪಟ್ಟಿಯಲ್ಲಿದೆ, ನನಗೇನು ತೊಂದರೆ’ ಅಂತ ಇವರಲ್ಲಿ ಅನೇಕರು ಸಮಾಧಾನ ಮಾಡಿಕೊಂಡಿರಬಹುದು. ತೊಂದರೆ ಇದೆ, ಮತ್ತು ಅದು ಕಾಯ್ದೆಯ ಒಂದೇ ಒಂದು ಲೆಕ್ಕದಲ್ಲಿ ಅಡಗಿ ಕೂತಿದೆ. ಅದನ್ನು ನೋಡುವ ಮುಂಚೆ, ಡಾಕ್ಟರ್ ಆಗುವುದಕ್ಕೆ ಮೊದಲು ಮಾಸ್ಟರ್ಸ್ ಯಾಕೆ ಅನ್ನುವುದನ್ನು ಬಿಡಿಸಿಕೊಳ್ಳೋಣ. ಕರ್ನಾಟಕದಲ್ಲಿ ಓದಿದವರಿಗೆ ಮೊದಲು ವಿಚಿತ್ರ ಅನಿಸುವುದೇ ಅದು.

ಅಲ್ಲಿ ಸೀಟು ಸಿಗುವ ಬಗೆ

ನಮ್ಮಲ್ಲಿ ದಾರಿ ನೇರ. ಪಿಯುಸಿ, ನೀಟ್, ಕೌನ್ಸೆಲಿಂಗ್, ಎಂಬಿಬಿಎಸ್. ನೀಟ್ ರ‍್ಯಾಂಕ್ ಬಂದರೆ ಸೀಟು, ಇಲ್ಲದಿದ್ದರೆ ಇನ್ನೊಂದು ವರ್ಷ ಕೋಚಿಂಗ್. ಬಿಎಸ್‌ಸಿ ಅಥವಾ ಎಂಎಸ್‌ಸಿ ಮಾಡಿ ಬಂದರೂ ಎಂಬಿಬಿಎಸ್ ಸೀಟಿಗೆ ಅದರಿಂದ ಒಂದು ಅಂಕವೂ ಜಾಸ್ತಿ ಸಿಗುವುದಿಲ್ಲ.

ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷದ ಮೆಡಿಕಲ್. ಡಿಗ್ರಿ ಯಾವ ವಿಷಯದಲ್ಲಾದರೂ ಸರಿ, ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್‌ನ ಕೆಲವು ಕೋರ್ಸ್ ಮುಗಿಸಿರಬೇಕು. ಎಂಕ್ಯಾಟ್ ಅನ್ನುವ ಮೆಡಿಕಲ್ ಪ್ರವೇಶ ಪರೀಕ್ಷೆ ಬರೆಯಬೇಕು. ಆಸ್ಪತ್ರೆಯಲ್ಲಿ ಓಡಾಡಿದ ಅನುಭವ, ಸಂಶೋಧನೆ, ಶಿಫಾರಸು ಪತ್ರ, ಇಂಟರ್‌ವ್ಯೂ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎಂಡಿ ಕಾಲೇಜುಗಳಿಗೆ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕುತ್ತಾರೆ, ಸುಮಾರು 23 ಸಾವಿರ ಜನ ಸೇರುತ್ತಾರೆ. ಸೇರಿದವರ ಸರಾಸರಿ ಜಿಪಿಎ, ಅಂದರೆ ಡಿಗ್ರಿಯ ಎಲ್ಲ ಕೋರ್ಸ್‌ಗಳ ಅಂಕದ ಸರಾಸರಿ, 4ಕ್ಕೆ 3.8ರ ಹತ್ತಿರ. ಎಂಕ್ಯಾಟ್ 528ಕ್ಕೆ 511, 512ರ ಆಸುಪಾಸು.

ಈ ಜಿಪಿಎ ಅನ್ನುವುದು ಹಟಮಾರಿ. ನೀಟ್ ಸರಿಹೋಗದಿದ್ದರೆ ಮತ್ತೆ ಬರೆಯಬಹುದು, ಹಳೆಯದನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಹಾಗಲ್ಲ. ಹದಿನೆಂಟರ ಹುಡುಗಿಯೊಬ್ಬಳು ಮನೆ ಬಿಟ್ಟು ಹಾಸ್ಟೆಲ್ ಸೇರಿದ ಮೊದಲ ಸೆಮಿಸ್ಟರ್‌ನಲ್ಲಿ ತಡವರಿಸಿದರೆ, ಎರಡನೇ ವರ್ಷ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಒಂದು ಸಿ ಬಂದರೆ, ಅದು ಅವಳ ದಾಖಲೆಯಲ್ಲಿ ಹಾಗೇ ಉಳಿಯುತ್ತದೆ. ಆ ಕೋರ್ಸನ್ನು ಮತ್ತೆ ತೆಗೆದುಕೊಂಡು ಎ ತಂದರೂ ಎಂಡಿ ಅರ್ಜಿಯಲ್ಲಿ ಎರಡನ್ನೂ ಸೇರಿಸಿಯೇ ಲೆಕ್ಕ ಹಾಕುತ್ತಾರೆ. ಎಂಡಿಯಂತೆಯೇ ಡಾಕ್ಟರ್ ಆಗಲು ಇರುವ ಇನ್ನೊಂದು ದಾರಿಯಾದ ಆಸ್ಟಿಯೋಪಥಿಕ್ ಕಾಲೇಜುಗಳ ಅರ್ಜಿಯಲ್ಲಿ ಮೊದಲು ಹಳೆ ಅಂಕದ ಜಾಗದಲ್ಲಿ ಹೊಸ ಅಂಕ ಕೂರಿಸುತ್ತಿದ್ದರು. 2017ರಲ್ಲಿ ಅದೂ ನಿಂತಿತು.

ಹೀಗೆ 3.2, 3.3ರಲ್ಲಿ ನಿಂತ ಮಕ್ಕಳಿಗೆ ‘ನಾನು ಈಗ ಚೆನ್ನಾಗಿ ಓದಬಲ್ಲೆ’ ಅಂತ ತೋರಿಸಲು ಒಂದು ಜಾಗ ಬೇಕಲ್ವಾ? ಆ ಜಾಗವೇ ಈ ಮಧ್ಯಂತರದ ಓದು.

ಮಧ್ಯಂತರದ ಓದಿನಲ್ಲಿ ಮೂರು ಬಗೆ

ಮೊದಲನೆಯದು ಪೋಸ್ಟ್‌ಬ್ಯಾಕ್. ಡಿಗ್ರಿ ಮುಗಿದ ಮೇಲೆ ಮತ್ತೆ ಡಿಗ್ರಿ ಮಟ್ಟದ ವಿಜ್ಞಾನದ ಕೋರ್ಸ್‌ಗಳನ್ನು ಓದುವುದು. ಇತಿಹಾಸವೋ ಸಂಗೀತವೋ ಓದಿ ಆಮೇಲೆ ಡಾಕ್ಟರ್ ಆಗಬೇಕು ಅನಿಸಿದವರಿಗೆ ಅಂತಲೇ ನಡೆಯುವ ಕಾರ್ಯಕ್ರಮಗಳು ಇವೆ. ನ್ಯೂಯಾರ್ಕ್‌ನ ಕೊಲಂಬಿಯಾ, ಪೆನ್ಸಿಲ್ವೇನಿಯಾದ ಬ್ರಿನ್ ಮಾರ್, ಮೇರಿಲ್ಯಾಂಡ್‌ನ ಗೌಚರ್ ಈ ವಿಷಯದಲ್ಲಿ ಹೆಸರು ಮಾಡಿವೆ. ಅಂಕ ಏರಿಸಿಕೊಳ್ಳಲು ಬರುವವರೂ ಪೋಸ್ಟ್‌ಬ್ಯಾಕ್ ಮಾಡುತ್ತಾರೆ.

ಎರಡನೆಯದು ಸ್ಪೆಷಲ್ ಮಾಸ್ಟರ್ಸ್. ಜಾರ್ಜ್‌ಟೌನ್ ಯೂನಿವರ್ಸಿಟಿ 1970ರ ದಶಕದಲ್ಲೇ ಶುರು ಮಾಡಿದ ಮಾದರಿ ಇದು. ಇಲ್ಲಿ ವಿದ್ಯಾರ್ಥಿಗಳು ಮೆಡಿಕಲ್ ಮೊದಲ ವರ್ಷದ ಪಾಠವನ್ನೇ ಓದುತ್ತಾರೆ. ಬಾಸ್ಟನ್ ಯೂನಿವರ್ಸಿಟಿ, ಟಫ್ಟ್ಸ್, ಡ್ರೆಕ್ಸೆಲ್ ಹೀಗೆ ಹಲವು ಕಡೆ ಇದೇ ಉದ್ದೇಶದ ಮಾಸ್ಟರ್ಸ್‌ಗಳಿವೆ. ಕೆಲವು ಕಾಲೇಜುಗಳು ಇಂತಿಷ್ಟು ಅಂಕ ತೆಗೆದರೆ ತಮ್ಮದೇ ಮೆಡಿಕಲ್ ಕಾಲೇಜಿನಲ್ಲಿ ಇಂಟರ್‌ವ್ಯೂ ಖಾತ್ರಿ ಅಂತ ಹೇಳುತ್ತವೆ. ಖಾತ್ರಿ ಇರುವುದು ಇಂಟರ್‌ವ್ಯೂಗೆ, ಸೀಟಿಗಲ್ಲ. ಇದನ್ನು ಎಷ್ಟೋ ಮನೆಗಳಲ್ಲಿ ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ಮೂರನೆಯದು ಮಾಮೂಲಿ ಮಾಸ್ಟರ್ಸ್. ಎಂಪಿಎಚ್ (ಪಬ್ಲಿಕ್ ಹೆಲ್ತ್‌ನಲ್ಲಿ ಮಾಸ್ಟರ್ಸ್), ಬಯೋಮೆಡಿಕಲ್ ಸೈನ್ಸ್, ಬಯೋಟೆಕ್ನಾಲಜಿ ಇತ್ಯಾದಿ. ಇವು ತಮ್ಮಷ್ಟಕ್ಕೆ ಒಳ್ಳೆಯ ಓದು. ಮೆಡಿಕಲ್ ಸೀಟಿನ ಮೆಟ್ಟಿಲಾಗಿ ಮಾತ್ರ ಇವುಗಳ ಬಲ ಕಡಿಮೆ.

ಯಾಕೆ ಕಡಿಮೆ ಅನ್ನುವುದಕ್ಕೆ ಒಂದು ಲೆಕ್ಕ ಸಾಕು. ಒಬ್ಬ ಹುಡುಗ 120 ಕ್ರೆಡಿಟ್ ಮುಗಿಸಿ 3.2 ಜಿಪಿಎ ತಂದಿದ್ದಾನೆ ಅಂದುಕೊಳ್ಳಿ. ಅವನು ಪೋಸ್ಟ್‌ಬ್ಯಾಕ್‌ನಲ್ಲಿ 30 ಕ್ರೆಡಿಟ್ ಓದಿ ಎಲ್ಲದರಲ್ಲೂ ಎ ತೆಗೆದ. ಒಟ್ಟು 150 ಕ್ರೆಡಿಟ್, ಜಿಪಿಎ 3.36. ಒಂದು ವರ್ಷ ಬೆವರು ಸುರಿಸಿದ್ದಕ್ಕೆ ಏರಿದ್ದು 0.16. ಅದೇ ಹುಡುಗ ಅದೇ 30 ಕ್ರೆಡಿಟ್ಟನ್ನು ಮಾಸ್ಟರ್ಸ್‌ನಲ್ಲಿ ಓದಿ ಎಲ್ಲದರಲ್ಲೂ ಎ ತೆಗೆದರೆ? ಡಿಗ್ರಿಯ ಜಿಪಿಎ 3.2ರಲ್ಲೇ ಇರುತ್ತದೆ. ಮಾಸ್ಟರ್ಸ್ ಅಂಕವನ್ನು ಅರ್ಜಿಯಲ್ಲಿ ಬೇರೆ ಸಾಲಿನಲ್ಲಿ ತೋರಿಸುತ್ತಾರೆ, ಡಿಗ್ರಿಯ ಜೊತೆ ಕೂಡಿಸುವುದಿಲ್ಲ.

ಹಾಗಾದರೆ ಸ್ಪೆಷಲ್ ಮಾಸ್ಟರ್ಸ್‌ನಿಂದ ಏನು ಲಾಭ? ಅದು ಹಳೆ ಅಂಕವನ್ನು ಅಳಿಸುವುದಿಲ್ಲ, ಹೊಸ ಸಾಕ್ಷಿಯೊಂದನ್ನು ಪಕ್ಕದಲ್ಲಿ ಇಡುತ್ತದೆ. ಮೆಡಿಕಲ್ ಮೊದಲ ವರ್ಷದ ಫಿಸಿಯಾಲಜಿ, ಬಯೋಕೆಮಿಸ್ಟ್ರಿಯನ್ನೇ ಓದಿ ಪಾಸಾದವನು ನಾಳೆ ಅದೇ ವಿಷಯದಲ್ಲಿ ಎಡವುವ ಭಯ ಆಯ್ಕೆ ಸಮಿತಿಗೆ ಕಡಿಮೆ. ಆದರೆ ಇದು ಎರಡು ಅಲುಗಿನ ಕತ್ತಿ. ಮಾಸ್ಟರ್ಸ್‌ನಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಒಳ್ಳೆ ಅಂಕವೇ ಬರುವುದರಿಂದ ಅಲ್ಲಿ ಬಿ ಬಂದರೂ ಹುಬ್ಬು ಏರುತ್ತದೆ. ಕೊನೆಯ ಅವಕಾಶ ಅಂತ ಹೋದ ಕಡೆಯೇ ಎಡವಿದರೆ ಮುಂದೆ ಹೇಳಲು ಮಾತೇ ಉಳಿಯುವುದಿಲ್ಲ.

ಇಷ್ಟು ವರ್ಷ ಈ ಅಪಾಯವನ್ನು ಮಕ್ಕಳು ತಲೆ ಮೇಲೆ ಹೊತ್ತುಕೊಂಡರು. ಯಾಕೆಂದರೆ ದುಡ್ಡಿಗೆ ಸರ್ಕಾರಿ ಸಾಲ ಇತ್ತು.

ಸಾಲದ ಕಾಯ್ದೆ ಬದಲಾಗಿದ್ದೇನು

2006ರಿಂದ ಅಮೆರಿಕದಲ್ಲಿ ಗ್ರ್ಯಾಡ್ ಪ್ಲಸ್ ಅನ್ನುವ ಸರ್ಕಾರಿ ಸಾಲ ಇತ್ತು. ಮಾಸ್ಟರ್ಸ್ ಇರಲಿ, ಎಂಡಿ ಇರಲಿ, ಫೀಸು, ಬಾಡಿಗೆ, ಊಟ, ಪುಸ್ತಕ ಎಲ್ಲ ಸೇರಿ ಕಾಲೇಜು ಎಷ್ಟು ಖರ್ಚು ಅಂತ ಬರೆಯುತ್ತದೋ ಅಷ್ಟರವರೆಗೂ ಸಾಲ ಸಿಗುತ್ತಿತ್ತು. ಹಳೆ ಸಾಲದಲ್ಲಿ ದೊಡ್ಡ ಎಡವಟ್ಟು ಇರದಿದ್ದರೆ ಸಾಕಿತ್ತು.

2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ‘ಒನ್ ಬಿಗ್ ಬ್ಯೂಟಿಫುಲ್ ಬಿಲ್’ ಕಾಯ್ದೆ ಇದನ್ನು ನಿಲ್ಲಿಸಿತು. 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ ಇಲ್ಲ. ಅದರ ಬದಲು ಎರಡು ಮಿತಿ. ಪ್ರೊಫೆಷನಲ್ ಕೋರ್ಸ್ ಆದರೆ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ. ಉಳಿದ ಎಲ್ಲ ಮಾಸ್ಟರ್ಸ್, ಪಿಎಚ್‌ಡಿಗೆ ವರ್ಷಕ್ಕೆ 20,500, ಒಟ್ಟು 1 ಲಕ್ಷ. ಡಿಗ್ರಿಯ ಸಾಲವೂ ಸೇರಿ ಒಬ್ಬರು ಜೀವಮಾನದಲ್ಲಿ ತೆಗೆಯಬಹುದಾದ್ದು 2,57,500 ಡಾಲರ್. ತೀರಿಸಿಬಿಟ್ಟರೂ ಈ ಜೀವಮಾನದ ಲೆಕ್ಕದಿಂದ ಅದು ಕಳೆಯುವುದಿಲ್ಲ.

ಈಗ ‘ಪ್ರೊಫೆಷನಲ್’ ಅಂದರೆ ಯಾವುದು ಅನ್ನುವ ಪ್ರಶ್ನೆ ಹುಟ್ಟಿದ್ದು. ಹಳೆಯ ನಿಯಮದಲ್ಲಿ ಹತ್ತು ಕೋರ್ಸ್‌ಗಳನ್ನು ಉದಾಹರಣೆ ಅಂತ ಬರೆದಿದ್ದರು: ಮೆಡಿಸಿನ್, ಆಸ್ಟಿಯೋಪಥಿಕ್ ಮೆಡಿಸಿನ್, ಡೆಂಟಲ್, ಫಾರ್ಮಸಿ, ಆಪ್ಟೋಮೆಟ್ರಿ, ಪಶುವೈದ್ಯ, ಪೋಡಿಯಾಟ್ರಿ (ಪಾದದ ಚಿಕಿತ್ಸೆ), ಕೈರೋಪ್ರಾಕ್ಟಿಕ್ (ಬೆನ್ನುಮೂಳೆಯ ಚಿಕಿತ್ಸೆ), ಕಾನೂನು, ಧರ್ಮಶಾಸ್ತ್ರ. ನರ್ಸಿಂಗ್ ಆ ಹತ್ತರಲ್ಲೂ ಇರಲಿಲ್ಲ. ಆಗ ಅದರಿಂದ ಯಾರಿಗೂ ನಷ್ಟವೂ ಇರಲಿಲ್ಲ, ಯಾಕೆಂದರೆ ಖರ್ಚು ಎಷ್ಟಾದರೂ ಗ್ರ್ಯಾಡ್ ಪ್ಲಸ್ ತುಂಬಿಕೊಡುತ್ತಿತ್ತು. ಇಲಾಖೆ ಕರೆದ ಸಮಿತಿ 2025ರ ನವೆಂಬರ್‌ನಲ್ಲಿ ಈ ಹತ್ತಕ್ಕೆ ಕ್ಲಿನಿಕಲ್ ಸೈಕಾಲಜಿಯನ್ನು ಸೇರಿಸಿ ಒಪ್ಪಿಗೆ ಕೊಟ್ಟಿತು. ನರ್ಸಿಂಗ್, ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ಫಿಸಿಷಿಯನ್ ಅಸಿಸ್ಟೆಂಟ್ (ಡಾಕ್ಟರ್ ಜೊತೆ ಸೇರಿ ರೋಗಿಗಳನ್ನು ನೋಡುವವರು), ಆಡಿಯಾಲಜಿ, ಪಬ್ಲಿಕ್ ಹೆಲ್ತ್ ಹೊರಗೇ ಉಳಿದವು. ಪಟ್ಟಿ ಹೆಚ್ಚುಕಡಿಮೆ ಹಳೆಯದೇ. ಅದಕ್ಕೆ ದುಡ್ಡನ್ನು ಗಂಟು ಹಾಕಿದ್ದು ಹೊಸದು.

ಗಂಟು ಕರಗುವ ಲೆಕ್ಕ

ಇಲ್ಲಿ ನಮ್ಮ ಮೆಡಿಕಲ್ ಆಕಾಂಕ್ಷಿಯ ಕಥೆಗೆ ವಾಪಸ್ ಬರೋಣ. ಸ್ಪೆಷಲ್ ಮಾಸ್ಟರ್ಸ್ ಎಷ್ಟೇ ಮೆಡಿಕಲ್ ಪಾಠ ಹೇಳಿಕೊಟ್ಟರೂ ಕಾಗದದ ಮೇಲೆ ಅದೊಂದು ಮಾಸ್ಟರ್ಸ್. ಪ್ರೊಫೆಷನಲ್ ಡಿಗ್ರಿ ಅಲ್ಲ. ಹಾಗಾಗಿ ಆ ವರ್ಷಕ್ಕೆ ಸರ್ಕಾರದಿಂದ ಸಿಗುವುದು ಹೆಚ್ಚೆಂದರೆ 20,500 ಡಾಲರ್. ಇಂಥ ಕೋರ್ಸ್‌ಗಳ ಟ್ಯೂಷನ್ ಅನೇಕ ಕಡೆ 40 ಸಾವಿರ ಡಾಲರ್ ದಾಟುತ್ತದೆ. ಬಾಸ್ಟನ್, ವಾಷಿಂಗ್ಟನ್‌ನಂಥ ಊರಲ್ಲಿ ರೂಮಿನ ಬಾಡಿಗೆ ಬೇರೆ. ಉಳಿದದ್ದು ಅಪ್ಪ ಅಮ್ಮನ ಕೈಯಿಂದ ಬರಬೇಕು, ಇಲ್ಲಾಂದರೆ ಖಾಸಗಿ ಬ್ಯಾಂಕಿನಿಂದ.

ಇದು ಮೊದಲ ಪೆಟ್ಟು. ಎರಡನೆಯದು ಇನ್ನೂ ಆಳದ್ದು. ಕಾಯ್ದೆ ಹೇಳುವ ಪ್ರಕಾರ ಪ್ರೊಫೆಷನಲ್ ವಿದ್ಯಾರ್ಥಿಗೆ ಒಟ್ಟು 2 ಲಕ್ಷ ಡಾಲರ್ ಸಿಗುವುದು ಅವರು ಮೊದಲು ಮಾಸ್ಟರ್ಸ್‌ಗೆ ಸಾಲ ಮಾಡದೇ ಇದ್ದಾಗ. ಮಾಡಿದ್ದರೆ ಆ ಮೊತ್ತವನ್ನು 2 ಲಕ್ಷದಿಂದ ಕಳೆಯುತ್ತಾರೆ. ಅಂದರೆ ಮಾಸ್ಟರ್ಸ್‌ಗೆ ಬೇರೆ ಗಂಟು, ಎಂಡಿಗೆ ಬೇರೆ ಗಂಟು ಅಂತ ಇಲ್ಲ. ಗಂಟು ಒಂದೇ.

ಸುಮ್ನೆ ಲೆಕ್ಕ ಹಾಕಿ ನೋಡಿ. ಒಂದು ವರ್ಷದ ಮಾಸ್ಟರ್ಸ್‌ಗೆ 20,500 ತೆಗೆದರೆ ಎಂಡಿಗೆ ಉಳಿಯುವುದು 1,79,500. ಮೆಡಿಕಲ್‌ನ ಮೊದಲ ಮೂರು ವರ್ಷ ತಲಾ 50 ಸಾವಿರ ತೆಗೆದರೆ ಒಂದೂವರೆ ಲಕ್ಷ ಖಾಲಿ. ನಾಲ್ಕನೇ ವರ್ಷಕ್ಕೆ ಕೈಯಲ್ಲಿ 29,500. ಮಾಸ್ಟರ್ಸ್ ಎರಡು ವರ್ಷದ್ದಾಗಿದ್ದು 41 ಸಾವಿರ ತೆಗೆದಿದ್ದರೆ ನಾಲ್ಕನೇ ವರ್ಷಕ್ಕೆ ಬರೀ 9 ಸಾವಿರ. ಅದೇ ವರ್ಷ ರೆಸಿಡೆನ್ಸಿಗೆ, ಅಂದರೆ ಎಂಡಿ ಆದ ಮೇಲೆ ಆಸ್ಪತ್ರೆಯಲ್ಲಿ ಮಾಡುವ ತರಬೇತಿಗೆ, ಅರ್ಜಿ ಹಾಕಬೇಕು, ಬೇರೆ ಊರಿನ ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ರೊಟೇಷನ್ ಮಾಡುವವರೂ ಇದ್ದಾರೆ. ಅಂಥ ವರ್ಷದಲ್ಲಿ ದುಡ್ಡು ಮುಗಿಯುತ್ತದೆ.

ಮತ್ತೆ ಈ 2 ಲಕ್ಷವೇ ಸಾಲುವುದಿಲ್ಲ ಅನ್ನುವುದು ನೆನಪಿರಲಿ. ಅಮೆರಿಕದ ಮೆಡಿಕಲ್ ಕಾಲೇಜುಗಳ ಒಕ್ಕೂಟದ ಲೆಕ್ಕದಲ್ಲಿ 2025ರಲ್ಲಿ ಮುಗಿಸಿದ ಬ್ಯಾಚಿಗೆ ನಾಲ್ಕು ವರ್ಷದ ಮೀಡಿಯನ್ ಖರ್ಚು (ಅರ್ಧ ಕಡೆ ಇದಕ್ಕಿಂತ ಕಡಿಮೆ, ಅರ್ಧ ಕಡೆ ಜಾಸ್ತಿ) ಸರ್ಕಾರಿ ಕಾಲೇಜಿನಲ್ಲಿ ಸುಮಾರು 2,86,000 ಡಾಲರ್, ಖಾಸಗಿಯಲ್ಲಿ ಸುಮಾರು 3,90,000. ಮಾಸ್ಟರ್ಸ್ ಮಾಡದೇ ಸೀದಾ ಹೋದವರಿಗೇ ಸರ್ಕಾರಿ ಕಾಲೇಜಿನಲ್ಲಿ 86 ಸಾವಿರದಷ್ಟು ಕೊರತೆ. ಮಾಸ್ಟರ್ಸ್ ಮಾಡಿ ಹೋದವರಿಗೆ ಅದು 1 ಲಕ್ಷ ದಾಟುತ್ತದೆ.

ಹಳಬರಿಗೆ ಒಂದು ರಿಯಾಯಿತಿ ಇದೆ. 2026ರ ಜುಲೈಗೆ ಮುಂಚೆಯೇ ಕೋರ್ಸಿಗೆ ಸೇರಿ ಅದಕ್ಕೆ ಸರ್ಕಾರಿ ಸಾಲ ತೆಗೆದವರು ಹಳೆ ನಿಯಮದಲ್ಲೇ ಮೂರು ವರ್ಷ ಅಥವಾ ಆ ಕೋರ್ಸಿನ ಉಳಿದ ಅವಧಿ, ಯಾವುದು ಕಡಿಮೆಯೋ ಅಷ್ಟು ದಿನ ಮುಂದುವರಿಯಬಹುದು. ಆದರೆ ರಿಯಾಯಿತಿ ಆ ಕೋರ್ಸಿಗೆ ಮಾತ್ರ. 2025ರಲ್ಲಿ ಸ್ಪೆಷಲ್ ಮಾಸ್ಟರ್ಸ್ ಸೇರಿ 2026ರ ಆಗಸ್ಟ್‌ನಲ್ಲಿ ಎಂಡಿಗೆ ಹೋಗುವ ಹುಡುಗಿ ಹೊಸ ಕೋರ್ಸಿಗೆ ಸೇರಿದ ಹಾಗೆ. ಅವಳಿಗೆ ಗ್ರ್ಯಾಡ್ ಪ್ಲಸ್ ಸಿಗುವುದಿಲ್ಲ.

ಸರ್ಕಾರ ಯಾಕೆ ಹೀಗೆ ಮಾಡಿತು

ಕಾಯ್ದೆಯ ಪರ ಇರುವವರ ವಾದವನ್ನು ತಳ್ಳಿಹಾಕುವ ಹಾಗಿಲ್ಲ. ಮಿತಿಯೇ ಇಲ್ಲದ ಸಾಲ ಸಿಗುತ್ತಿದ್ದರೆ ಕಾಲೇಜು ಫೀಸು ಯಾಕೆ ಇಳಿಸುತ್ತದೆ? 1987ರಲ್ಲಿ ಆಗಿನ ಶಿಕ್ಷಣ ಕಾರ್ಯದರ್ಶಿ ವಿಲಿಯಂ ಬೆನೆಟ್ ಇದೇ ಮಾತನ್ನು ಹೇಳಿದ್ದರು. ಸರ್ಕಾರ ನೆರವು ಏರಿಸಿದಷ್ಟೂ ಕಾಲೇಜುಗಳು ಧೈರ್ಯವಾಗಿ ಫೀಸು ಏರಿಸುತ್ತವೆ ಅಂತ. ಅರ್ಥಶಾಸ್ತ್ರಜ್ಞರಾದ ಸಾಂಡ್ರಾ ಬ್ಲ್ಯಾಕ್, ಲೆಸ್ಲಿ ಟರ್ನರ್, ಜೆಫ್ರಿ ಡೆನ್ನಿಂಗ್ 2023ರಲ್ಲಿ ಗ್ರ್ಯಾಡ್ ಪ್ಲಸ್ ಬಂದ ಮೇಲಿನ ಬದಲಾವಣೆಯನ್ನು ಅಳೆದು ನೋಡಿದರು. ಫೀಸು ಏರಿತ್ತು. ಆದರೆ ಹೆಚ್ಚು ಜನ ಓದಲು ಬಂದದ್ದಕ್ಕೆ, ಬಡ ಮಕ್ಕಳ ಪಾಲು ಏರಿದ್ದಕ್ಕೆ ಪುರಾವೆ ಸಿಗಲಿಲ್ಲ. ಸಾಲ ಕೊಟ್ಟಿದ್ದು ಮಕ್ಕಳಿಗೆ, ತುಂಬಿದ್ದು ಕಾಲೇಜಿನ ಬೊಕ್ಕಸ.

ಗ್ರ್ಯಾಡ್ ಪ್ಲಸ್ ಅಗ್ಗದ ಸಾಲವೂ ಆಗಿರಲಿಲ್ಲ. 2025-26ರಲ್ಲಿ ಅದರ ಬಡ್ಡಿ 8.94 ಶೇಕಡಾ, ಸಾಲ ಕೊಡುವಾಗಲೇ ಮುರಿದುಕೊಳ್ಳುವ ಶುಲ್ಕ ಬೇರೆ. ಮೆಡಿಕಲ್ ಸೀಟು ಸಿಗದೇ ಹೋದರೆ ಸ್ಪೆಷಲ್ ಮಾಸ್ಟರ್ಸ್‌ನ ಸರ್ಟಿಫಿಕೇಟಿಗೆ ಉದ್ಯೋಗ ಮಾರುಕಟ್ಟೆಯಲ್ಲಿ ದೊಡ್ಡ ಬೆಲೆ ಇಲ್ಲ. 60, 70 ಸಾವಿರ ಡಾಲರ್ ಸಾಲ ಮಾತ್ರ ಹೆಗಲ ಮೇಲೆ ಉಳಿಯುತ್ತದೆ. ಆಸೆ ಇಟ್ಟುಕೊಂಡ ಮಕ್ಕಳಿಗೆ ಇಂಥ ಸಾಲವನ್ನು ಕೇಳಿದಷ್ಟು ಕೊಟ್ಟದ್ದು ಸರಿಯಲ್ಲ ಅನ್ನುವ ಮಾತಿನಲ್ಲಿ ನನಗೆ ನಿಜ ಕಾಣುತ್ತದೆ.

ಒಪ್ಪಲಾಗದ್ದು ಆತುರ. ಕಾಲೇಜುಗಳು ಫೀಸು ಇಳಿಸಲಿ ಅನ್ನುವುದು ಗುರಿಯಾಗಿದ್ದರೆ ಮಿತಿಯನ್ನು ನಾಲ್ಕೈದು ವರ್ಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತರಬಹುದಿತ್ತು. ಸಹಿ ಬಿದ್ದ ಒಂದು ವರ್ಷದೊಳಗೆ ಜಾರಿ ಅಂದರೆ ಕಾಲೇಜು ತನ್ನ ಲೆಕ್ಕ ಬದಲಿಸುವುದಕ್ಕೂ ಮುಂಚೆ ಮಕ್ಕಳ ಲೆಕ್ಕ ಬದಲಾಗಿಬಿಡುತ್ತದೆ. ಮತ್ತೆ ಮಾಸ್ಟರ್ಸ್ ಸಾಲವನ್ನು ಎಂಡಿ ಗಂಟಿನಿಂದ ಕಳೆಯುವ ನಿಯಮದ ಏಟು ಬೀಳುವುದು ಯಾರ ಮೇಲೆ? ಮೊದಲ ಸಲಕ್ಕೇ 3.8 ತಂದವರಿಗೆ ಇದು ತಾಗುವುದೇ ಇಲ್ಲ. ಡಿಗ್ರಿ ಓದುವಾಗ ರಾತ್ರಿ ಪಾಳಿಯಲ್ಲಿ ದುಡಿದು ಅಂಕ ಕಳೆದುಕೊಂಡವರು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು, ಇಪ್ಪತ್ತೆಂಟರಲ್ಲಿ ದಾರಿ ಬದಲಿಸಿದವರು, ಇಂಥವರೇ ಎರಡನೇ ಅವಕಾಶದ ಬಾಗಿಲಿಗೆ ಬರುವುದು. ಅಮೆರಿಕದ ಮೆಡಿಕಲ್ ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲು ಜನ ಐದು ಮೆಟ್ಟಿಲಿನ ಆದಾಯದ ಏಣಿಯಲ್ಲಿ ಮೇಲಿನ ಎರಡು ಮೆಟ್ಟಿಲಿನ ಮನೆಗಳಿಂದ ಬರುತ್ತಾರೆ. ಈಗಲೇ ಕಿರಿದಾದ ಬಾಗಿಲು ಅದು.

ನರ್ಸ್‌ಗಳ ವಿಷಯ

ನರ್ಸಿಂಗ್ ಬಗ್ಗೆ ಇಲಾಖೆ ಕೊಡುವ ಸಮಜಾಯಿಷಿ ಏನೆಂದರೆ, ನರ್ಸಿಂಗ್ ಓದುವವರಲ್ಲಿ 95 ಶೇಕಡಾ ಜನ ವಾರ್ಷಿಕ ಮಿತಿಗಿಂತ ಕಡಿಮೆಯೇ ಸಾಲ ಮಾಡುತ್ತಾರೆ, ಅವರಿಗೆ ಏನೂ ಆಗುವುದಿಲ್ಲ. ಪಟ್ಟಿಯಲ್ಲಿ ಇಲ್ಲದಿರುವುದು ಆ ಕೆಲಸಕ್ಕೆ ಕಟ್ಟಿದ ಬೆಲೆ ಅಲ್ಲ ಅಂತಲೂ ಹೇಳಿದೆ. ರಿಜಿಸ್ಟರ್ಡ್ ನರ್ಸ್ ಆಗಲು ಡಿಗ್ರಿ ಸಾಕು, ಡಿಗ್ರಿಯ ಸಾಲಕ್ಕೆ ಈ ಮಿತಿ ಅನ್ವಯಿಸುವುದಿಲ್ಲ. ಅಷ್ಟು ನಿಜ.

ಆದರೆ ಸರಾಸರಿ ನೋಡಿದರೆ ಅಂಚಿನಲ್ಲಿರುವವರು ಕಾಣುವುದಿಲ್ಲ. ಅನಸ್ತೇಷಿಯಾ ಕೊಡುವ ನರ್ಸ್ ಆಗಬೇಕಾದರೆ ಈಗ ಮೂರು ವರ್ಷದ ಡಾಕ್ಟರೇಟ್ ಬೇಕು, ಓದುವಾಗ ಕೆಲಸ ಮಾಡುವುದು ಹೆಚ್ಚುಕಡಿಮೆ ಅಸಾಧ್ಯ. ಫಿಸಿಷಿಯನ್ ಅಸಿಸ್ಟೆಂಟ್ ಕೋರ್ಸ್ ಸುಮಾರು 27 ತಿಂಗಳು, ಪೂರ್ತಿ ದಿನದ ಓದು. ವರ್ಷಕ್ಕೆ 20,500 ಇಲ್ಲಿ ಫೀಸಿಗೇ ಸಾಲುವುದಿಲ್ಲ. ಹಳ್ಳಿಗಾಡಿನ ಎಷ್ಟೋ ಕ್ಲಿನಿಕ್‌ಗಳಲ್ಲಿ ರೋಗಿಯನ್ನು ಮೊದಲು ನೋಡುವುದು ನರ್ಸ್ ಪ್ರ್ಯಾಕ್ಟೀಷನರ್ (ಮೇಲಿನ ಓದು ಮುಗಿಸಿ ಚಿಕಿತ್ಸೆಯನ್ನೂ ಕೊಡುವ ನರ್ಸ್) ಮತ್ತು ಫಿಸಿಷಿಯನ್ ಅಸಿಸ್ಟೆಂಟ್. ಅವರಿಗೆ ಪಾಠ ಹೇಳಲು ಮಾಸ್ಟರ್ಸ್, ಡಾಕ್ಟರೇಟ್ ಮಾಡಿದ ನರ್ಸ್‌ಗಳೇ ಬೇಕು. ಮೇಲಿನ ಓದಿಗೆ ಬರುವವರು ಕಡಿಮೆಯಾದರೆ ಕೆಳಗಿನ ತರಗತಿಗೆ ಮೇಷ್ಟ್ರು ಸಿಗುವುದು ಕಷ್ಟ. ನರ್ಸಿಂಗ್ ಕಾಲೇಜುಗಳ ಸಂಘ ಭಯಪಡುತ್ತಿರುವುದು ಇದಕ್ಕೇ.

ಮುಂದೆ ಏನಾಗಬಹುದು

ಕೆಲವು ಕಾಲೇಜುಗಳು ಫೀಸು ಇಳಿಸಬಹುದು, ಮಾಸ್ಟರ್ಸ್‌ನ ಅವಧಿ ಮೊಟಕು ಮಾಡಬಹುದು. 20,500ರ ಆಸುಪಾಸಿಗೆ ಬೆಲೆ ತಂದು ನಿಲ್ಲಿಸುವ ಕೋರ್ಸ್‌ಗಳೂ ಬರಬಹುದು. ಮೆಡಿಕಲ್ ಕಾಲೇಜು ಹತ್ತಿರ ಇಲ್ಲದ, ಬರೀ ಫೀಸಿಗಾಗಿ ನಡೆಯುವ ದುಬಾರಿ ಮಾಸ್ಟರ್ಸ್‌ಗಳು ಮುಚ್ಚಿದರೆ ಅದರಲ್ಲಿ ಅಂಥ ನಷ್ಟವೂ ಇಲ್ಲ.

ಹೆಚ್ಚು ಜನ ಪೋಸ್ಟ್‌ಬ್ಯಾಕ್ ಕಡೆ ತಿರುಗುವ ಸಾಧ್ಯತೆ ನನಗೆ ಜಾಸ್ತಿ ಕಾಣುತ್ತದೆ. ಊರಿನ ಸ್ಟೇಟ್ ಯೂನಿವರ್ಸಿಟಿಯಲ್ಲಿ, ಕೆಲಸ ಮಾಡುತ್ತಲೇ, ಸಂಜೆ ತರಗತಿಯಲ್ಲಿ ಒಂದೊಂದೇ ಕೋರ್ಸ್ ಮುಗಿಸಬಹುದು. ಅದಕ್ಕೆ ಸಿಗುವ ಸರ್ಕಾರಿ ಸಾಲ ಕಡಿಮೆ, ಆದರೆ ಖರ್ಚೂ ಕಡಿಮೆ. ಮೇಲೆ ನೋಡಿದ ಹಾಗೆ ಡಿಗ್ರಿಯ ಜಿಪಿಎ ಸ್ವಲ್ಪವಾದರೂ ಏರುವುದು ಇದರಿಂದಲೇ.

ಖಾಸಗಿ ಸಾಲದ ವ್ಯಾಪಾರ ಮಾತ್ರ ಖಂಡಿತ ಬೆಳೆಯುತ್ತದೆ. ಅಪ್ಪ ಅಮ್ಮನ ಸಂಬಳ, ಕ್ರೆಡಿಟ್ ಸ್ಕೋರ್ ಚೆನ್ನಾಗಿದ್ದು ಅವರು ಜಾಮೀನು ನಿಂತರೆ ಕೆಲವರಿಗೆ ಗ್ರ್ಯಾಡ್ ಪ್ಲಸ್‌ಗಿಂತ ಕಡಿಮೆ ಬಡ್ಡಿಗೂ ಸಾಲ ಸಿಗಬಹುದು. ಜಾಮೀನಿಗೆ ಯಾರೂ ಇಲ್ಲದವರಿಗೆ ಸಾಲವೇ ಸಿಗದಿರಬಹುದು. ಖಾಸಗಿ ಸಾಲಕ್ಕೆ ಇನ್ನೊಂದು ಕೊರತೆ ಇದೆ. ಲಾಭಕ್ಕಲ್ಲದ ಆಸ್ಪತ್ರೆಯಲ್ಲೋ ಸರ್ಕಾರಿ ಆಸ್ಪತ್ರೆಯಲ್ಲೋ ಕೆಲಸ ಮಾಡುತ್ತಾ ಹತ್ತು ವರ್ಷ ಕಂತು ಕಟ್ಟಿದರೆ ಉಳಿದ ಸಾಲ ಮನ್ನಾ ಮಾಡುವ ಯೋಜನೆ ಅಲ್ಲಿದೆ. ಅದು ಸರ್ಕಾರಿ ಸಾಲಕ್ಕೆ ಮಾತ್ರ. ಕೈಯಲ್ಲಿ ಖಾಸಗಿ ಸಾಲ ಇರುವ ಯುವ ಡಾಕ್ಟರ್, ಮಕ್ಕಳ ಡಾಕ್ಟರೋ ಫ್ಯಾಮಿಲಿ ಡಾಕ್ಟರೋ ಆಗಿ ಸಣ್ಣ ಊರಿಗೆ ಹೋಗುವ ಬದಲು ಸಂಬಳ ಜಾಸ್ತಿ ಇರುವ ವಿಭಾಗ ಆರಿಸಿಕೊಂಡರೆ ಅವರನ್ನು ದೂರುವುದು ಹೇಗೆ? 2036ರ ಹೊತ್ತಿಗೆ ಅಮೆರಿಕದಲ್ಲಿ 86 ಸಾವಿರ ಡಾಕ್ಟರ್‌ಗಳವರೆಗೂ ಕೊರತೆ ಆಗಬಹುದು ಅಂತ ಮೆಡಿಕಲ್ ಕಾಲೇಜುಗಳ ಒಕ್ಕೂಟವೇ ಅಂದಾಜು ಮಾಡಿದೆ.

ಪುಕ್ಕಟೆ ಓದಿನ ದಾರಿಗಳು ಕೆಲವಿವೆ. ನ್ಯೂಯಾರ್ಕ್ ಯೂನಿವರ್ಸಿಟಿಯ ಮೆಡಿಕಲ್ ಕಾಲೇಜು 2018ರಿಂದ ಟ್ಯೂಷನ್ ತೆಗೆದುಕೊಳ್ಳುತ್ತಿಲ್ಲ. ಬ್ರಾಂಕ್ಸ್‌ನ ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜಿಗೆ 2024ರಲ್ಲಿ ರೂತ್ ಗಾಟ್ಸ್‌ಮನ್ ನೂರು ಕೋಟಿ ಡಾಲರ್ ಕೊಟ್ಟು ಅಲ್ಲೂ ಟ್ಯೂಷನ್ ಇಲ್ಲದ ಹಾಗೆ ಮಾಡಿದರು. ಸೈನ್ಯದ ಸ್ಕಾಲರ್‌ಶಿಪ್ ತೆಗೆದುಕೊಂಡರೆ ಫೀಸು ಅವರೇ ಕಟ್ಟುತ್ತಾರೆ, ಆಮೇಲೆ ಇಂತಿಷ್ಟು ವರ್ಷ ಸೇವೆ ಮಾಡಬೇಕು. ಆದರೆ ಟ್ಯೂಷನ್ ಇಲ್ಲ ಅಂದ ಕೂಡಲೇ ಎಲ್ಲರೂ ಅಲ್ಲಿಗೇ ಮುಗಿಬೀಳುತ್ತಾರೆ, 3.2 ಇರುವ ಹುಡುಗನಿಗೆ ಆ ಬಾಗಿಲು ಇನ್ನೂ ಬಿಗಿ.

ಕನ್ನಡ ಮನೆಗಳಿಗೆ ಇದು ಎಲ್ಲೆಲ್ಲಿ ತಾಗುತ್ತದೆ

ನ್ಯೂಜೆರ್ಸಿ, ಡಲ್ಲಾಸ್, ಬೇ ಏರಿಯಾದಲ್ಲಿ ಹುಟ್ಟಿದ, ಅಮೆರಿಕದ ಪೌರತ್ವ ಇರುವ ನಮ್ಮವರ ಮಕ್ಕಳಿಗೆ ಮೇಲಿನ ಲೆಕ್ಕವೆಲ್ಲಾ ಹಾಗೇ ಅನ್ವಯಿಸುತ್ತದೆ. ‘ಸಾಲ ನನ್ನ ಹೆಸರಲ್ಲೇ ತೆಗೀತೀನಿ’ ಅನ್ನುತ್ತಿದ್ದ ಮಗಳ ಜೊತೆ ಇನ್ಮೇಲೆ ಅಪ್ಪ ಅಮ್ಮನೂ ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಬೇಕಾಗಬಹುದು. ಅವರ ನಿವೃತ್ತಿಯ ಲೆಕ್ಕವೂ ಇದಕ್ಕೆ ತಳುಕು ಹಾಕಿಕೊಳ್ಳುತ್ತದೆ.

ಎಚ್-4 ವೀಸಾದಲ್ಲಿ (ಕೆಲಸದ ವೀಸಾದಲ್ಲಿ ಹೋದವರ ಕುಟುಂಬಕ್ಕೆ ಸಿಗುವ ವೀಸಾ) ಬೆಳೆದ ಮಕ್ಕಳ ಪಾಡು ಬೇರೆ. ಮೂರು ವರ್ಷದ ಮಗುವಾಗಿ ಬೆಂಗಳೂರಿನಿಂದ ಹೋಗಿ, ಅಲ್ಲೇ ಶಾಲೆ ಕಲಿತು, ಗ್ರೀನ್ ಕಾರ್ಡ್ ಸರದಿಯಲ್ಲಿ ಕಾಯುತ್ತಲೇ 21 ತುಂಬಿದರೆ ಅಪ್ಪ ಅಮ್ಮನ ವೀಸಾದ ನೆರಳು ತಪ್ಪುತ್ತದೆ. ಎಫ್-1 ವೀಸಾಕ್ಕೆ ಬಂದರೆ ವಿದೇಶಿ ವಿದ್ಯಾರ್ಥಿ ಅಂತ ಲೆಕ್ಕ. ಸರ್ಕಾರಿ ಸಾಲ ಇವರಿಗೆ ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಹೆಚ್ಚಿನ ಎಂಡಿ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದೇ ಇಲ್ಲ. ತೆಗೆದುಕೊಳ್ಳುವ ಕೆಲವು ಕಡೆ ಹಲವು ವರ್ಷದ ಫೀಸಿನ ದುಡ್ಡನ್ನು ಮುಂಚೆಯೇ ತೋರಿಸಲು ಕೇಳುತ್ತಾರೆ. ಇವರು ಸ್ಪೆಷಲ್ ಮಾಸ್ಟರ್ಸ್ ಸೇರುವ ಮೊದಲು, ಅದರ ಕೊನೆಯಲ್ಲಿರುವ ಮೆಡಿಕಲ್ ಕಾಲೇಜು ತಮ್ಮ ವೀಸಾಕ್ಕೆ ಬಾಗಿಲು ತೆರೆಯುತ್ತದಾ ಅಂತ ನೋಡಲೇಬೇಕು.

ಕರ್ನಾಟಕದಿಂದ ಹೊರಡುವವರಿಗೆ ಇನ್ನೂ ಬೇರೆ ಮಾತು. ಇಲ್ಲಿ ಎಂಬಿಬಿಎಸ್ ಮುಗಿಸಿದವರಿಗೆ ಅಮೆರಿಕದಲ್ಲಿ ಡಾಕ್ಟರ್ ಆಗಲು ಮಾಸ್ಟರ್ಸ್ ಬೇಕಿಲ್ಲ. ಯುಎಸ್‌ಎಂಎಲ್‌ಇ ಅನ್ನುವ ಲೈಸೆನ್ಸ್ ಪರೀಕ್ಷೆಗಳು, ವಿದೇಶದಲ್ಲಿ ಓದಿದ ಡಾಕ್ಟರ್‌ಗಳಿಗೆ ಕೊಡುವ ಇಸಿಎಫ್‌ಎಂಜಿ ಸರ್ಟಿಫಿಕೇಟ್, ಆಮೇಲೆ ರೆಸಿಡೆನ್ಸಿ ಸೀಟು ಹಂಚುವ ‘ಮ್ಯಾಚ್’, ಅದೇ ದಾರಿ. ಬಿಡಿಎಸ್ ಮುಗಿಸಿ ಎಂಪಿಎಚ್‌ಗೆ ಹೋಗುವವರು ತುಂಬಾ. ಎಂಪಿಎಚ್ ಮಾಡಿದರೆ ಪಬ್ಲಿಕ್ ಹೆಲ್ತ್‌ನಲ್ಲಿ ಕೆಲಸ ಹುಡುಕಬಹುದು, ಹಲ್ಲಿನ ಡಾಕ್ಟರ್ ಲೈಸೆನ್ಸ್ ಅದರಿಂದ ಬರುವುದಿಲ್ಲ. ಅದಕ್ಕೆ ಅಲ್ಲಿನ ಡೆಂಟಲ್ ಕಾಲೇಜಿನಲ್ಲಿ ಮತ್ತೆ ಎರಡು ಮೂರು ವರ್ಷ ಓದಬೇಕು. ಇವರ ಓದು ನಿಂತಿರುವುದು ಊರಿನ ಬ್ಯಾಂಕ್ ಸಾಲದ ಮೇಲೆ, ಎಷ್ಟೋ ಸಲ ಅಡ ಇಟ್ಟ ಮನೆ ಪತ್ರದ ಮೇಲೆ. ಅಮೆರಿಕದ ಹೊಸ ಮಿತಿ ಇವರಿಗೆ ನೇರವಾಗಿ ತಾಗುವುದಿಲ್ಲ. ಆದರೆ ಅಲ್ಲಿನ ಮಕ್ಕಳು ಕಡಿಮೆಯಾದಾಗ ಕಾಲೇಜುಗಳು ಪೂರ್ತಿ ಫೀಸು ಕಟ್ಟುವ ವಿದೇಶಿ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಬೆಂಗಳೂರಿನ ಶಿಕ್ಷಣ ಮೇಳಗಳಿಗೆ ಇನ್ನೂ ಜೋರಾಗಿ ಬರುವ ಸಾಧ್ಯತೆ ಇದೆ.

ಸೇರುವ ಮುಂಚೆ ಕೇಳಬೇಕಾದ್ದು

‘ನಮ್ಮ ವಿದ್ಯಾರ್ಥಿಗಳಲ್ಲಿ ಇಷ್ಟು ಶೇಕಡಾ ಮೆಡಿಕಲ್ ಸೇರಿದರು’ ಅಂತ ಸ್ಪೆಷಲ್ ಮಾಸ್ಟರ್ಸ್ ನಡೆಸುವ ಕಾಲೇಜುಗಳು ಜಾಹೀರಾತಿನಲ್ಲಿ ಬರೆಯುತ್ತವೆ. ಆ ಶೇಕಡಾ ಯಾರ ಲೆಕ್ಕ ಅಂತ ಕೇಳಬೇಕು. ಮೊದಲ ದಿನ ಸೇರಿದ ಎಲ್ಲರದ್ದಾ, ಕೋರ್ಸ್ ಮುಗಿಸಿದವರದ್ದು ಮಾತ್ರವಾ, ಅಥವಾ ಕಾಲೇಜೇ ಶಿಫಾರಸು ಕೊಟ್ಟ ಕೆಲವರದ್ದಾ? ನೂರು ಜನ ಸೇರಿ, ಎಂಬತ್ತು ಜನ ಮುಗಿಸಿ, ಅವರಲ್ಲಿ ಐವತ್ತು ಜನಕ್ಕೆ ಶಿಫಾರಸು ಸಿಕ್ಕಿ, ನಲವತ್ತು ಜನ ಮೆಡಿಕಲ್ ಸೇರಿದರೆ, ಅದೇ ಬ್ಯಾಚನ್ನು 40 ಶೇಕಡಾ ಅಂತಲೂ ಹೇಳಬಹುದು, 50 ಅಂತಲೂ ಹೇಳಬಹುದು, 80 ಅಂತಲೂ ಹೇಳಬಹುದು. ಮೂರೂ ಸುಳ್ಳಲ್ಲ.

ಇದನ್ನು ಕೇಳಿ ಕಾಲೇಜಿಗೆ ಬರೆಯುವಾಗಲೇ, ಸಾಲ ಮತ್ತು ನೆರವು ನೋಡಿಕೊಳ್ಳುವ ಫೈನಾನ್ಷಿಯಲ್ ಏಡ್ ಆಫೀಸಿಗೂ ಒಂದು ಸಾಲು ಬರೆದು ಕೇಳಬಹುದು: ಈ ಮಾಸ್ಟರ್ಸ್‌ಗೆ ನಾನು ತೆಗೆಯುವ ಸರ್ಕಾರಿ ಸಾಲ ಕಳೆದ ಮೇಲೆ, ನಿಮ್ಮದೇ ಮೆಡಿಕಲ್ ಕಾಲೇಜಿನ ನಾಲ್ಕನೇ ವರ್ಷಕ್ಕೆ ನನ್ನ ಕೈಯಲ್ಲಿ ಎಷ್ಟು ಉಳಿದಿರುತ್ತದೆ? ಉತ್ತರವನ್ನು ಬಾಯಿಮಾತಲ್ಲಿ ಬೇಡ, ಈಮೇಲ್‌ನಲ್ಲೇ ಕೇಳಿ ಪಡೆಯಿರಿ.